ಕಾಲು ನೋಡಿ ಮನಸ್ಸು ಹೇಳಬೇಡಿ

ನಮಸ್ಕಾರ. ಇವತ್ತು ಇಂಗ್ಲಿಷಿನ ಒಂದಿಷ್ಟು ಕ್ರಿಯಾಪದಗಳ ಬಗ್ಗೆ ಮಾತಾಡೋಣ. ಸ್ನೀಕ್, ಕ್ರೀಪ್, ಸ್ಲಿಂಕ್, ಸ್ಕಲ್ಕ್, ಲರ್ಕ್, ಪ್ರೌಲ್, ಸ್ಟಾಕ್. ಇವುಗಳ ಅರ್ಥ ಹುಡುಕಿದರೆ ಕನ್ನಡದಲ್ಲಿ ಅವೇ ಮೂರು ನಾಲ್ಕು ಪದಗಳು ಸುತ್ತಿ ಸುತ್ತಿ ಬರುತ್ತವೆ. ನುಸುಳು, ಅಡಗಿಕೊಳ್ಳು, ಹೊಂಚು ಹಾಕು. ಪರೀಕ್ಷೆಗೆ ಓದುವ ಮಕ್ಕಳು ಎಲ್ಲವನ್ನೂ ಸಮಾನಾರ್ಥಕ ಪದ ಅಂತ ಒಂದೇ ಉಸಿರಿಗೆ ಬಾಯಿಪಾಠ ಮಾಡುತ್ತಾರೆ. ಇದು ತಪ್ಪು ಅನ್ನೋದು ನನ್ನ ಅಭಿಪ್ರಾಯ. ಈ ಪದಗಳು ಕಾಲು ಹೇಗೆ ನಡೆಯಿತು ಅಂತ ಹೇಳಿ ಸುಮ್ಮನಾಗುವುದಿಲ್ಲ. ನಡೆದವನ ಮನಸ್ಸಿನಲ್ಲಿ ಏನಿತ್ತು ಅಂತಲೂ ಹೇಳಿಬಿಡುತ್ತವೆ. ಆ ಮನಸ್ಸನ್ನು ನಾವು ನೋಡಿದ್ದೀವಾ? ಹಾಗಂತ ಕೇಳಿಕೊಳ್ಳದೆ ಇವನ್ನು ಬಳಸಬಾರದು.

ಒಂದು ರಾತ್ರಿ ಕಲ್ಪಿಸಿಕೊಳ್ಳಿ. ಸೆಕೆಂಡ್ ಶಿಫ್ಟ್ ಮುಗಿಸಿ ಅಪ್ಪ ಮನೆಗೆ ಬರುತ್ತಾನೆ. ನಡುಮನೆಯಲ್ಲಿ ಮಗು ಈಗಷ್ಟೇ ನಿದ್ದೆಗೆ ಜಾರಿದೆ. ಬೀಗದ ಕೈ ಗೊಂಚಲು ಸದ್ದಾಗದ ಹಾಗೆ ಮುಷ್ಟಿಯಲ್ಲಿ ಹಿಡಿದು, ಬಾಗಿಲು ಒಂದಿಷ್ಟೇ ತೆಗೆದು, ತುದಿಗಾಲಲ್ಲಿ ಒಳಗೆ ಹೋಗುತ್ತಾನೆ. ಇದು ಟಿಪ್‌ಟೋ. ಇದರಲ್ಲಿ ಕಳ್ಳತನ ಇಲ್ಲ, ಅಕ್ಕರೆ ಇದೆ.

ಈಗ ಕ್ರಿಯಾಪದ ಒಂದನ್ನೇ ಬದಲಿಸಿ. ಸ್ನೀಕ್ ಅಂದರೆ ಅಪ್ಪ ಏನೋ ಮುಚ್ಚಿಡುತ್ತಿದ್ದಾನೆ. ಕುಡಿದು ಬಂದಿರಬಹುದು, ಹೆಂಡತಿಯ ಕಣ್ಣು ತಪ್ಪಿಸಬೇಕಾಗಿದೆ. ಸ್ಲಿಂಕ್ ಅಂದರೆ ಅವನಿಗೆ ಎಲ್ಲೋ ಮಂಗಳಾರತಿ ಆಗಿದೆ, ಮುಖ ತೋರಿಸಲು ನಾಚಿಕೆ, ಬಾಲ ಮುದುರಿಕೊಂಡು ಬಂದಿದ್ದಾನೆ. ಕ್ರೀಪ್ ಅಂದರೆ ಒಂದೊಂದೇ ಹೆಜ್ಜೆ, ತುಂಬ ನಿಧಾನ. ಅದು ಅಕ್ಕರೆಯೂ ಆಗಬಹುದು, ಮೈ ಜುಮ್ಮೆನ್ನಿಸುವ ಭಯವೂ ಆಗಬಹುದು. ಮುಂದಿನ ವಾಕ್ಯಕ್ಕೆ ಕಾಯಬೇಕು. ಪ್ರೌಲ್ ಅಂದರೆ ಮುಗಿದೇ ಹೋಯಿತು. ಅವನು ಅಪ್ಪನೇ ಅಲ್ಲ, ಯಾರು ಸಿಗುತ್ತಾರೆ ಅಂತ ಮನೆ ತುಂಬ ಹುಡುಕುವ ಇನ್ಯಾರೋ. ಹೆಜ್ಜೆ ಮಾತ್ರ ಬದಲಾಗಿಲ್ಲ.

ನಮ್ಮಲ್ಲೂ ಇಂಥ ವ್ಯತ್ಯಾಸ ಇದೆ ಅಲ್ವಾ? ಹೊಂಚು ಹಾಕಿದವನು ಬೇರೆ, ತಲೆಮರೆಸಿಕೊಂಡವನು ಬೇರೆ, ಮೆಲ್ಲಗೆ ಜಾಗ ಖಾಲಿ ಮಾಡಿದವನು ಬೇರೆ. ಇದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ, ಆಡುತ್ತಾ ಆಡುತ್ತಾ ಬಂತು. ಇಂಗ್ಲಿಷ್ ಕಲಿಸುವಾಗ ಮಾತ್ರ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತೇವೆ.

ಚಿರತೆಯ ವಿಷಯಕ್ಕೆ ಬರೋಣ, ಯಾಕೆಂದರೆ ಈ ಪದಗಳಲ್ಲಿ ಮೂರು ಅದರ ಹೆಸರಿನ ಜೊತೆ ಜಾಸ್ತಿ ಬರುತ್ತವೆ. ಇನ್ನೂ ಯಾವ ಪ್ರಾಣಿಯೂ ಕಣ್ಣಿಗೆ ಬಿದ್ದಿಲ್ಲ, ಸಿಗುತ್ತದಾ ಅಂತ ಚಿರತೆ ತಿರುಗುತ್ತಿದೆ ಅನ್ನಿ. ಅದು ಪ್ರೌಲ್. ಒಂದು ಜಿಂಕೆ ಕಂಡಿತು. ಹೊಟ್ಟೆ ನೆಲಕ್ಕೆ ತಾಗುವಷ್ಟು ಕುಗ್ಗುತ್ತದೆ, ಹೆಗಲ ಮೂಳೆ ಬೆನ್ನಿಗಿಂತ ಮೇಲೆ ಎದ್ದು ಕಾಣುತ್ತದೆ. ಜಿಂಕೆ ತಲೆ ಎತ್ತಿದರೆ ಎತ್ತಿದ ಕಾಲು ಎತ್ತಿದ ಹಾಗೇ ನಿಲ್ಲುತ್ತದೆ. ಇದು ಸ್ಟಾಕ್. ನಡೆಯದೆ ಪೊದೆಯೊಳಗೇ ಕೂತು, ಬರಲಿ ಅಂತ ಕಾದರೆ ಅದು ಲರ್ಕ್.

ಮಂಡ್ಯ, ಮೈಸೂರು ಕಡೆ ಕಬ್ಬಿನ ಗದ್ದೆಯಲ್ಲಿ ಹೆಣ್ಣು ಚಿರತೆ ಮರಿ ಹಾಕುವುದು ಹೊಸದಲ್ಲ. ಕಟಾವಿಗೆ ಇಳಿದವರಿಗೆ ಮರಿಗಳು ಸಿಗುತ್ತವೆ. ಆ ತಾಯಿ ಅಲ್ಲಿ ಮಾಡುತ್ತಿದ್ದದ್ದು ಲರ್ಕ್ ಅಲ್ಲ, ಬರೀ ಹೈಡ್. ಮರಿಗಳನ್ನು ಬಚ್ಚಿಟ್ಟು ತಾನೂ ಅವಿತಿತ್ತು. ಸುದ್ದಿಯಲ್ಲಿ ಲರ್ಕಿಂಗ್ ಅಂತ ಬಂದರೆ ಬೋನು ತನ್ನಿ ಅನ್ನುವ ಕೂಗು ಏಳುತ್ತದೆ. ಹೈಡಿಂಗ್ ಅಂತ ಬಂದರೆ, ಕಟಾವು ಎರಡು ದಿನ ಮುಂದೂಡೋಣ, ತಾಯಿ ಬಂದು ಮರಿ ಕೊಂಡೊಯ್ಯಲಿ ಅನ್ನುವ ಮಾತಿಗೆ ಜಾಗ ಇರುತ್ತದೆ. ಜನರ ಭಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. 2022ರ ಕೊನೆಯಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಪ್ರಾಣ ಕಳೆದುಕೊಂಡರು. ಅಂಥ ಕಡೆ ಕಟುವಾದ ಪದವೇ ಸರಿ. ಎಲ್ಲ ಚಿರತೆಗೂ ಅದನ್ನೇ ಹಚ್ಚಿದರೆ ಯಾವುದಕ್ಕೆ ಹೆದರಬೇಕು ಅಂತಲೇ ಗೊತ್ತಾಗುವುದಿಲ್ಲ.

ಯುದ್ಧದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. 1941ರಲ್ಲಿ ಜಪಾನ್ ಯುದ್ಧ ಘೋಷಿಸದೆ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಎರಗಿತು. ಅಮೆರಿಕದವರು ಅದನ್ನು ಸ್ನೀಕ್ ಅಟ್ಯಾಕ್ ಅಂದರು. ಆ ಸಿಟ್ಟು ನ್ಯಾಯವೇ. 1989ರ ಡಿಸೆಂಬರಿನಲ್ಲಿ ಅಮೆರಿಕ ಪನಾಮಾ ಮೇಲೆ ದಾಳಿ ಮಾಡಿತು. ಅಮೆರಿಕವೂ ಯುದ್ಧ ಘೋಷಿಸಿರಲಿಲ್ಲ. ರೇಡಾರಿಗೆ ಸುಲಭಕ್ಕೆ ಸಿಗದ ಎಫ್-117 ವಿಮಾನಗಳು ಮೊದಲ ಸಲ ಬಾಂಬು ಹಾಕಿದ್ದು ಅಲ್ಲಿಯೇ. ಇಂಥ ವಿಮಾನಗಳನ್ನು ಅವರು ಕರೆಯುವುದು ಸ್ಟೆಲ್ತ್ ಅಂತ. ಸ್ಟೆಲ್ತ್ ಅನ್ನುವುದು ಕದಿಯುವುದು ಅನ್ನುವ ಪದದ ಒಡಹುಟ್ಟು, ಹಿಂದೆ ಅದಕ್ಕೆ ಕಳ್ಳತನ ಅಂತಲೇ ಅರ್ಥ ಇತ್ತು. ಈಗ ಅದು ಹೆಮ್ಮೆಯ ಪದ. ಶತ್ರು ಕಾಣದ ಹಾಗೆ ಬಂದರೆ ಸ್ನೀಕ್, ನಾವು ಹಾಗೆ ಹೋದರೆ ಸ್ಟೆಲ್ತ್.

ಇಲ್ಲಿ ನಮ್ಮ ಕಾನೂನು ಒಂದು ಒಳ್ಳೆ ದಾರಿ ತೋರಿಸುತ್ತದೆ. 1860ರ ಭಾರತೀಯ ದಂಡ ಸಂಹಿತೆಯ 443ನೇ ಕಲಮಿನಲ್ಲಿ ಲರ್ಕಿಂಗ್ ಹೌಸ್ ಟ್ರೆಸ್‌ಪಾಸ್ ಅನ್ನುವ ಅಪರಾಧ ಇತ್ತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 330ನೇ ಕಲಮಿನಲ್ಲಿದೆ. ಹೆಸರಿನಲ್ಲಿ ಲರ್ಕಿಂಗ್ ಇದ್ದರೂ, ಮನುಷ್ಯ ಕಳ್ಳನ ಹಾಗೆ ಕಂಡ ಅನ್ನುವುದು ಅಲ್ಲಿ ಸಾಲದು. ಮನೆಗೆ ಅಕ್ರಮವಾಗಿ ನುಗ್ಗಿರಬೇಕು. ತನ್ನನ್ನು ಹೊರಗೆ ಹಾಕುವ ಹಕ್ಕಿರುವವರಿಗೆ ಗೊತ್ತಾಗದಿರಲಿ ಅಂತ ಮುನ್ನೆಚ್ಚರಿಕೆಯನ್ನೂ ವಹಿಸಿರಬೇಕು. ಅಂದರೆ ಆ ಪದ ಹಚ್ಚುವ ಮೊದಲು ಅವನು ಏನು ಮಾಡಿದ ಅಂತ ತೋರಿಸಬೇಕು.

ಆ ದಂಡ ಸಂಹಿತೆ ಬಂದು ಹನ್ನೊಂದೇ ವರ್ಷಕ್ಕೆ, 1871ರಲ್ಲಿ, ಅದೇ ಬ್ರಿಟಿಷ್ ಆಡಳಿತ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದಿತು. ಇಡೀ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರು ಅಂತ ಪಟ್ಟಿಗೆ ಸೇರಿಸಿದರು. ಹಾಜರಿ ಕೊಡಬೇಕು, ಊರು ಬಿಡಲು ಚೀಟಿ ಬೇಕು. ಅಲೆಮಾರಿ ಮನುಷ್ಯ ಸುಮ್ನೆ ನಡೆದು ಹೋದರೂ ಅದು ಪೊಲೀಸರ ಕಣ್ಣಿಗೆ ಪ್ರೌಲ್. ಅವರನ್ನು ಆ ಪಟ್ಟಿಯಿಂದ ಬಿಡಿಸಲು 1952 ಬರಬೇಕಾಯಿತು. ಆ ಸಮುದಾಯಗಳ ಮೇಲಿನ ಅನುಮಾನ ಇನ್ನೂ ಹೋಗಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇದಕ್ಕೆ ತದ್ವಿರುದ್ಧದ ಅನ್ಯಾಯವೂ ಇದೆ, ಅದನ್ನೂ ಹೇಳಬೇಕು. ಹುಡುಗಿ ಬೇಡ ಅಂದರೂ ಕಾಲೇಜಿನಿಂದ ಬಸ್‌ಸ್ಟಾಪಿನವರೆಗೆ, ಬಸ್‌ಸ್ಟಾಪಿನಿಂದ ಮನೆಯವರೆಗೆ ಬೆನ್ನು ಬೀಳುವುದನ್ನು ನಾವು ಬಹಳ ಕಾಲ ಚುಡಾಯಿಸುವುದು ಅಂದೆವು. ಸಿನಿಮಾದಲ್ಲಿ ಪ್ರೀತಿ ಅಂದೆವು. ಬೇಟೆಯ ಪದವಾಗಿದ್ದ ಸ್ಟಾಕಿಂಗ್ 2013ರಲ್ಲಿ ದಂಡ ಸಂಹಿತೆಯ 354ಡಿ ಕಲಮಾಗಿ ನಮ್ಮ ಕಾನೂನಿಗೆ ಬಂತು. ಈಗ ನ್ಯಾಯ ಸಂಹಿತೆಯ 78ನೇ ಕಲಮು. ಅವಳು ಆಸಕ್ತಿ ಇಲ್ಲ ಅಂತ ಸ್ಪಷ್ಟಪಡಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸಿ ಸಂಪರ್ಕಿಸಲು ನೋಡಿದರೆ ಅಪರಾಧ. ಇಂಟರ್ನೆಟ್ಟಿನಲ್ಲಿ ಅವಳ ಮೇಲೆ ಕಣ್ಣಿಟ್ಟರೂ ಅಪರಾಧ. ಇಲ್ಲಿ ಮೆತ್ತನೆಯ ಪದವೇ ಸುಳ್ಳಾಗಿತ್ತು. ಕಟುವಾದ ಪದ ನಿಜ ಹೇಳಿತು.

ಹಾಗಾಗಿ ಮೇಷ್ಟ್ರುಗಳಲ್ಲಿ ನನ್ನದೊಂದು ಕೇಳಿಕೆ. ಈ ಪದಗಳ ಪಟ್ಟಿ ಬರೆಸಬೇಡಿ. ಒಂದು ಪದಕ್ಕೆ ಒಂದು ಸನ್ನಿವೇಶ ಕೊಡಿ. ಅವನು ಚಲಿಸುತ್ತಿದ್ದಾನಾ, ಕೂತಿದ್ದಾನಾ? ನಾಚಿಕೆಯಾ, ಭಯವಾ, ಬೇಟೆಯಾ? ಇದು ನಿನಗೆ ಹೇಗೆ ಗೊತ್ತು? ಆ ಕೊನೆಯ ಪ್ರಶ್ನೆಯನ್ನು ಮಾತ್ರ ಬಿಡಬೇಡಿ.

ದೊಡ್ಡವರಲ್ಲಿ ಇನ್ನೊಂದು ಕೇಳಿಕೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಸಿಸಿಟಿವಿಯ ಮಸುಕು ಫೋಟೋ ಬರುತ್ತದೆ. ಕೆಳಗೆ, ಯಾರೋ ಗೇಟ್ ಹತ್ತಿರ ಲರ್ಕಿಂಗ್, ಹುಷಾರು ಅಂತ ಇರುತ್ತದೆ. ಫೋಟೋದಲ್ಲಿ ಇರುವುದು ಇಷ್ಟೇ: ಒಬ್ಬ ಹುಡುಗ, ಹೆಗಲಿಗೆ ದೊಡ್ಡ ಬ್ಯಾಗು, ಕೈಯಲ್ಲಿ ಫೋನು, ಕತ್ತೆತ್ತಿ ಬ್ಲಾಕಿನ ನಂಬರ್ ಹುಡುಕುತ್ತಿದ್ದಾನೆ. ಅಲ್ಲಿ ಬರೆಯಬೇಕಾದದ್ದು, ಗೇಟ್ ಹತ್ತಿರ ಒಬ್ಬರು ನಿಂತಿದ್ದಾರೆ, ಯಾರ ಮನೆಗೆ ಬಂದವರು, ಒಂಚೂರು ಕೇಳಿ ಅಂತ. ಹಾಗೆ ಬರೆದರೆ ಸೆಕ್ಯೂರಿಟಿಯವರು ಅವನ ಕಾಲರ್ ಹಿಡಿಯುವುದಿಲ್ಲ, ಯಾವ ಮನೆಗೆ ಬಂದೆ ಅಂತ ಕೇಳುತ್ತಾರೆ.