ಕೈಗುಣವೇ ಕುತ್ತಾದಾಗ

ಕೇಳುಗರಿಗೆ ನಮಸ್ಕಾರ.

ಮಂತ್ರಶಕ್ತಿಯಿಂದ ರೋಗ ವಾಸಿ ಮಾಡುವ ಒಬ್ಬ ಹೆಂಗಸು, ಅವಳನ್ನು ಬೇಟೆಯಾಡುವ ಊರು. ಫ್ಯಾಂಟಸಿ ಕಾದಂಬರಿ ಬರೆಯಲು ಕೂತಿರುವ ನಿಮ್ಮಲ್ಲಿ ಕೆಲವರಾದರೂ ಈ ವಸ್ತುವನ್ನು ಕೈಗೆತ್ತಿಕೊಂಡಿರುತ್ತೀರಿ. ಒಳ್ಳೆಯ ವಸ್ತು. ಆದರೆ ಊರು ಅವಳ ಮೇಲೆ ಯಾಕೆ ತಿರುಗಿಬಿತ್ತು? ‘ರಾಜ ದುಷ್ಟ, ಜನ ಮೂಢರು’ ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ, ದಯವಿಟ್ಟು. ಅವಳ ಕೈಗುಣವೇ ಅವಳ ಮೇಲಿನ ಆರೋಪವಾಗಬೇಕು. ಕಾಯಿಲೆ ಬಿಡಿಸಬಲ್ಲವಳು ಕಾಯಿಲೆ ಹಚ್ಚಲೂ ಬಲ್ಲಳು ಎಂಬಲ್ಲಿಂದ ಭಯ ಹುಟ್ಟಬೇಕು.

ಸ್ಕಾಟ್ಲೆಂಡಿನಲ್ಲಿ ನಡೆದದ್ದನ್ನೇ ನೋಡಿ. ಎಡಿನ್‌ಬರೋ ಹತ್ತಿರದ ಟ್ರಾನೆಂಟ್ ಎಂಬ ಊರು. ಡೇವಿಡ್ ಸೀಟನ್ ಎಂಬ ಅಧಿಕಾರಿಯ ಮನೆಯಲ್ಲಿ ಗೀಲಿಸ್ ಡಂಕನ್ ಎಂಬ ಕೆಲಸದ ಹುಡುಗಿ. ಇದ್ದಕ್ಕಿದ್ದಂತೆ ಅವಳು ಕಾಯಿಲೆಯವರನ್ನು ವಾಸಿ ಮಾಡತೊಡಗಿದಳು. ರಾತ್ರಿ ಮನೆಯಲ್ಲಿ ಇರುತ್ತಿರಲಿಲ್ಲ. ಕೆಲಸದವಳಿಗೆ ಈ ವಿದ್ಯೆ ಎಲ್ಲಿಂದ ಬಂತು? ಯಜಮಾನ ಅವಳ ಬೆರಳುಗಳನ್ನು ತಿರುಪಿನ ಇಕ್ಕಳದಲ್ಲಿ ಹಿಂಡಿಸಿದ, ತಲೆಗೆ ಹಗ್ಗ ಬಿಗಿದು ತಿರುಚಿಸಿದ. ಬಾಯಿ ಬಿಡಲಿಲ್ಲ. ಕೊನೆಗೆ ಗಂಟಲಿನ ಮೇಲೆ ಒಂದು ಗುರುತು ಸಿಕ್ಕಿತು, ಅದು ಸೈತಾನನದ್ದು ಎಂದರು. ಆಗ ಒಪ್ಪಿಕೊಂಡಳು, ಬೇರೆಯವರ ಹೆಸರನ್ನೂ ಹೇಳಿದಳು.

ಆ ಹೆಸರುಗಳಲ್ಲಿ ಒಂದು ಆಗ್ನೆಸ್ ಸ್ಯಾಂಪ್ಸನ್. ಸೂಲಗಿತ್ತಿ, ಮದ್ದು ಕೊಡುವವಳು. ಜನರ ಬಾಯಲ್ಲಿ ಅವಳು ‘ಕೀತ್ ಊರಿನ ಬಲ್ಲವಳು’. ರಾಜ ಆರನೇ ಜೇಮ್ಸ್ ತಾನೇ ಅವಳನ್ನು ವಿಚಾರಣೆ ಮಾಡಿದ. 1589ರಲ್ಲಿ ಅವನ ಮದುವಣಗಿತ್ತಿ ಡೆನ್ಮಾರ್ಕಿನಿಂದ ಬರುವಾಗ ಸಮುದ್ರದಲ್ಲಿ ಬಿರುಗಾಳಿ ಎದ್ದಿತ್ತು, ಅದಕ್ಕೆ ಹೊಣೆ ಯಾರೆಂದು ಅವನಿಗೆ ಬೇಕಿತ್ತು. ಆಗ್ನೆಸ್ ಮೇಲೆ 53 ಆರೋಪ. ಬಿರುಗಾಳಿ ಇದೆ, ಸರಿ. ಆದರೆ ಅವುಗಳಲ್ಲಿ ಎಷ್ಟೋ ಆರೋಪಗಳು ಯಾರನ್ನು ವಾಸಿ ಮಾಡಿದಳು, ಯಾರು ಉಳಿಯುವುದಿಲ್ಲ ಎಂದು ಮೊದಲೇ ಹೇಳಿದಳು ಎಂಬುವೇ! ರೋಗಿಗಾಗಿ ಪ್ರಾರ್ಥನೆ ಹೇಳುವಾಗ ಒಂದು ಸಲ ತಡೆದರೆ ಮಾಟ ತಗಲಿದೆ, ಎರಡು ಸಲ ತಡೆದರೆ ಸಾವು. ಇದು ಅವಳ ಲೆಕ್ಕ. ಆ ಕೋಣೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಹಾಸಿಗೆಯ ಸುತ್ತ ಮನೆಯವರು, ಎಲ್ಲರ ಕಿವಿಯೂ ಅವಳ ನಾಲಿಗೆಯ ಮೇಲೆ. ಎರಡನೇ ಸಲ ಮಾತು ನಿಂತಿತು. ರೋಗಿ ಸತ್ತ. ಸಾವನ್ನು ಹೇಳಿದಳೋ, ಕರೆದಳೋ? ನಿಮ್ಮ ಕಾದಂಬರಿ ಶುರುವಾಗಬೇಕಾದದ್ದು ಆ ಕೋಣೆಯಲ್ಲಿ, ಅರಮನೆಯಲ್ಲಿ ಅಲ್ಲ. 1591ರ ಜನವರಿಯಲ್ಲಿ ಆಗ್ನೆಸ್‌ಳ ಕುತ್ತಿಗೆ ಬಿಗಿದು ಕೊಂದು, ದೇಹವನ್ನು ಸುಟ್ಟರು.

ಸಮಯ ಓಡುತ್ತಿದೆ, ಪ್ಯಾರಿಸ್ಸಿನದನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. 1322ರಲ್ಲಿ ಜಾಕೋಬಾ ಫೆಲಿಸಿ ಎಂಬ ವೈದ್ಯೆಯ ವಿಚಾರಣೆ, ಪರವಾನಗಿ ಇಲ್ಲದೆ ಮದ್ದು ಮಾಡಿದಳು ಎಂದು. ದೊಡ್ಡ ವೈದ್ಯರಿಂದ ಆಗದ್ದು ಇವಳಿಂದ ಆಯಿತು ಎಂದು ರೋಗಿಗಳೇ ಬಂದು ಸಾಕ್ಷಿ ಹೇಳಿದರು. ಅದು ಅವಳನ್ನು ಉಳಿಸಲಿಲ್ಲ, ದಂಡ ಬಿತ್ತು. ಇಲ್ಲೂ ಕೈಗುಣವೇ ತಪ್ಪು.

ಇನ್ನು ಮದ್ದಿನ ವಿಚಾರ. ಅಂಗೈಯಿಂದ ಬೆಳಕು ಚಿಮ್ಮಿ ಗಾಯ ಮಾಯುವುದನ್ನು ಬಿಟ್ಟುಬಿಡಿ, ಅದರಲ್ಲಿ ಭಯವೇ ಇಲ್ಲ. ಫಾಕ್ಸ್‌ಗ್ಲೋವ್ ಗಿಡವನ್ನು ನೋಡಿ. 1785ರಲ್ಲಿ ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯ ಅದರ ಬಗ್ಗೆ ಪುಸ್ತಕ ಬರೆದ. ಅವನಿಗೆ ಇದರ ಸುಳಿವು ಸಿಕ್ಕಿದ್ದು ಹಳ್ಳಿಯ ಮುದುಕಿಯೊಬ್ಬಳ ಮನೆಮದ್ದಿನಿಂದ. ಅದರಲ್ಲಿ 20ಕ್ಕೂ ಹೆಚ್ಚು ಸೊಪ್ಪುಗಳಿದ್ದವು, ಕೆಲಸ ಮಾಡುತ್ತಿದ್ದದ್ದು ಇದೊಂದೇ. ಹೂ ಬಿಡುವ ಹೊತ್ತಿಗೆ ಎಲೆ ಕೀಳಬೇಕು, ಒಣಗಿಸಿ ಪುಡಿ ಮಾಡಬೇಕು. ಮೈಯಲ್ಲಿ ನೀರು ತುಂಬಿದ ದೊಡ್ಡವರಿಗೆ ಅವನು ಕೊಡುತ್ತಿದ್ದದ್ದು ಒಂದರಿಂದ ಮೂರು ಗ್ರೇನ್, ದಿನಕ್ಕೆ ಎರಡು ಸಲ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ಒಂದು ಚಿಟಿಕೆಯೂ ಅಲ್ಲ. ಹೆಚ್ಚಾದರೆ ವಾಂತಿ, ಕಂಡದ್ದೆಲ್ಲ ಹಳದಿ ಹಸಿರು, ನಾಡಿ ನಿಮಿಷಕ್ಕೆ 35ಕ್ಕೆ ಇಳಿದು ಕೊನೆಗೆ ಸಾವು. ಅದೇ ಎಲೆ, ಅದೇ ಕೈ. ನಿಮ್ಮ ನಾಯಕಿಯ ಮಂತ್ರಕ್ಕೂ ಇಂಥದೇ ಅಳತೆ ಇರಲಿ.

ಆಮೇಲೆ ಇಷ್ಟು ಮಾಡಿ. ಮೊದಲ ಅಧ್ಯಾಯದಲ್ಲಿ ಅವಳು ಒಂದು ಮಗುವನ್ನು ಉಳಿಸಲಿ. ಹತ್ತನೆಯದರಲ್ಲಿ ಅದೇ ತಾಯಿಯ ಎರಡನೇ ಮಗು ಅವಳ ಕೈಯಲ್ಲೇ ಸಾಯಲಿ. ಅವಳ ವಿರುದ್ಧ ಸಾಕ್ಷಿ ಹೇಳಲು ಆ ತಾಯಿಯೇ ಬರಲಿ.

ನಮಸ್ಕಾರ.