‘ಊಟ ಯಾವಾಗ ಹಾಕಿಸ್ತೀಯಾ?’: ಪ್ರೇಮದ ಕಾಮಿಕ್ಸ್‌ಗಳಲ್ಲಿ ತಪ್ಪು ಮಾಡುವ ಹುಡುಗಿಯರು

ಎಲ್ಲರಿಗೂ ನಮಸ್ಕಾರ.

ಓದು ಮುಗಿಸಿದ ಹುಡುಗಿಗೆ ನಮ್ಮ ಕಡೆ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. ‘ಊಟ ಯಾವಾಗ ಹಾಕಿಸ್ತೀಯಮ್ಮಾ?’ ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಆ ಪ್ರಶ್ನೆಯೊಳಗೆ ತೀರ್ಮಾನ ಆಗಲೇ ಆಗಿಹೋಗಿರುತ್ತದೆ. ಮದುವೆ ಆಗುತ್ತದೆ, ಗಂಡಸಿನ ಜೊತೆಗೇ ಆಗುತ್ತದೆ. ತಾರೀಖು ಒಂದು ಗೊತ್ತಾಗಬೇಕು, ಅಷ್ಟೆ.

ಅಮೆರಿಕದ ಕವಿ ಏಡ್ರಿಯನ್ ರಿಚ್ 1980ರಲ್ಲಿ ಬರೆದ ಒಂದು ಪ್ರಬಂಧ ಈ ತೀರ್ಮಾನದ ಬಗ್ಗೆಯೇ ಇದೆ. ಅವರು ಇದನ್ನು ‘ಕಂಪಲ್ಸರಿ ಹೆಟೆರೊಸೆಕ್ಷುಯಾಲಿಟಿ’ ಎಂದು ಕರೆದರು. ಕಡ್ಡಾಯವಾದ ಗಂಡು-ಹೆಣ್ಣು ಪ್ರೇಮ ಎಂದುಕೊಳ್ಳೋಣ. ಹೆಣ್ಣು ಗಂಡನ್ನೇ ಬಯಸುತ್ತಾಳೆ ಎಂದು ನಾವು ಸುಮ್ನೆ ನಂಬಿಬಿಟ್ಟಿದ್ದೇವೆ. ಅದರ ಹಿಂದೆ ದುಡ್ಡು, ಕಾನೂನು, ಮನೆಯವರು, ನಾವು ಓದುವ ಕತೆಗಳು ಎಲ್ಲವೂ ಸೇರಿ ಮಾಡುವ ಒತ್ತಾಯ ಇದೆ, ಅದನ್ನು ಬಿಚ್ಚಿ ನೋಡಿ ಎಂದರು. ರಿಚ್ ಸ್ವತಃ 1953ರಲ್ಲಿ ಮದುವೆಯಾಗಿ ಮೂವರು ಗಂಡುಮಕ್ಕಳನ್ನು ಹೆತ್ತವರು. ಹೆಣ್ಣಿನ ಜೊತೆ ಬಾಳಿದ್ದು ಆಮೇಲೆ.

ಕತೆಗಳು ಒತ್ತಾಯ ಮಾಡುವುದು ಹೇಗೆ ಅಂತೀರಾ? ಪ್ರೇಮದ ಕಾಮಿಕ್ಸ್‌ನಲ್ಲಿ ಅದು ಬರಹದಲ್ಲೇ ಇತ್ತು. ಅಮೆರಿಕದಲ್ಲಿ 1947ರಲ್ಲಿ ‘ಯಂಗ್ ರೊಮಾನ್ಸ್’ ಶುರುವಾಯಿತು. ಜೋ ಸೈಮನ್, ಜ್ಯಾಕ್ ಕಿರ್ಬಿ ಮಾಡಿದ ಪತ್ರಿಕೆ. ತುಂಬಾ ಓಡಿತು, ಹಿಂದೆಯೇ ಅಂಥವು ಸಾಲುಸಾಲಾಗಿ ಬಂದವು. 1954ರಲ್ಲಿ ಪ್ರಕಾಶಕರೇ ಸೇರಿ ‘ಕಾಮಿಕ್ಸ್ ಕೋಡ್’ ಎಂಬ ನಿಯಮಾವಳಿ ಮಾಡಿಕೊಂಡರು. ಪ್ರೇಮಕತೆ ಮನೆಯ ಬೆಲೆಯನ್ನೂ ಮದುವೆಯ ಪಾವಿತ್ರ್ಯವನ್ನೂ ಎತ್ತಿ ಹಿಡಿಯಬೇಕು ಎಂಬುದು ಒಂದು ನಿಯಮ. ‘ಲೈಂಗಿಕ ವಿಕೃತಿ’ಯ ಸುಳಿವೂ ಇರಬಾರದು ಎಂಬುದು ಇನ್ನೊಂದು. ಹೆಣ್ಣನ್ನು ಪ್ರೀತಿಸುವ ಹೆಣ್ಣು ಆ ಒಂದು ಪದದೊಳಗೆ ಸೇರಿಹೋದಳು. 1989ರಲ್ಲಿ ಕೋಡ್ ತಿದ್ದುವ ತನಕ, ಅಂದರೆ 35 ವರ್ಷ, ಅವಳಿಗೆ ಆ ಪುಟಗಳಲ್ಲಿ ಜಾಗ ಇರಲಿಲ್ಲ.

ಜಪಾನಿನ ದಾರಿ ಬೇರೆ. ಅಲ್ಲಿ 20ನೇ ಶತಮಾನದ ಮೊದಲ ಭಾಗದಲ್ಲೇ ಶಾಲೆಯ ಹುಡುಗಿಯರು ಒಬ್ಬರನ್ನೊಬ್ಬರು ಹಚ್ಚಿಕೊಳ್ಳುವ ‘ಕ್ಲಾಸ್ ಎಸ್’ ಕತೆಗಳಿದ್ದವು. ಎಸ್ ಅಂದರೆ ಸಿಸ್ಟರ್. ದೊಡ್ಡವರು ಅದನ್ನು ಸಹಿಸಿಕೊಂಡರು. ಏಕೆಂದರೆ ಶಾಲೆ ಮುಗಿದ ಮೇಲೆ ಹುಡುಗಿ ಮದುವೆಯಾಗಿ ಹೋಗುತ್ತಾಳೆ, ಇದು ವಯಸ್ಸಿನ ಹುಚ್ಚು ಎಂಬ ನಂಬಿಕೆ. ಮುಂದೆ 1971ರಲ್ಲಿ ರ್‍ಯೋಕೊ ಯಮಾಗಿಶಿ ಬರೆದ ‘ಶಿರೋಯಿ ಹೆಯಾ ನೋ ಫುತಾರಿ’ ಬಂತು. ಹುಡುಗಿಯರ ಪ್ರೇಮವನ್ನು ನೇರವಾಗಿ ಹೇಳಿದ ಮೊದಲ ಮಂಗಾ, ಅಂದರೆ ಜಪಾನಿ ಕಾಮಿಕ್ಸ್, ಎಂದು ಬಹಳ ಜನ ಇದನ್ನೇ ಹೆಸರಿಸುತ್ತಾರೆ. ಅದರಲ್ಲಿ ಸಿಮೋನ್ ಎಂಬ ಒರಟು ಹುಡುಗಿ ಇದ್ದಾಳೆ. ಕಡೆಯಲ್ಲಿ ಅವಳು ಸಾಯುತ್ತಾಳೆ. ಹೀಗೆ ಸತ್ತ ಹುಡುಗಿಯರು ಆಮೇಲೆ ಎಷ್ಟೋ ಜನ.

ನಾನು ಇವತ್ತು ಜಾಸ್ತಿ ಮಾತಾಡಬೇಕೆಂದಿರುವುದು ಇನ್ನೊಂದು ಮಂಗಾ ಬಗ್ಗೆ. ತಾಕಾಕೊ ಶಿಮುರಾ ಅವರ ‘ಅಓಯಿ ಹಾನಾ’, ಅಂದರೆ ನೀಲಿ ಹೂವು. 2004ರಿಂದ 2013ರವರೆಗೆ ಬಂದ ಎಂಟು ಸಂಪುಟ. ಕತೆ ನಡೆಯುವುದು ಕಾಮಾಕುರಾ ಊರಲ್ಲಿ. ಫೂಮಿ ಹೈಸ್ಕೂಲ್ ಹುಡುಗಿ. ನಾಚಿಕೆ ಸ್ವಭಾವ, ಕಣ್ಣೀರು ಬೇಗ ಬರುತ್ತದೆ. ಅವಳ ಮೊದಲ ಪ್ರೇಮ ಚಿಜು, ಬಂಧುಗಳ ಪೈಕಿ ದೊಡ್ಡ ಹುಡುಗಿ. ಇಬ್ಬರ ನಡುವೆ ಬರೀ ಸ್ನೇಹ ಇರಲಿಲ್ಲ. ಕತೆ ಶುರುವಾಗುವ ಹೊತ್ತಿಗೆ ಚಿಜು ಒಬ್ಬ ಗಂಡಸನ್ನು ಮದುವೆಯಾಗಲು ಹೊರಟಿದ್ದಾಳೆ.

ಆ ಪೆಟ್ಟು ಆರುವ ಮುಂಚೆಯೇ ಸುಗಿಮೋತೊ ಬರುತ್ತಾಳೆ. ಬ್ಯಾಸ್ಕೆಟ್‌ಬಾಲ್ ತಂಡದ ನಾಯಕಿ, ಎತ್ತರದ ಹುಡುಗಿ, ನಾಟಕದಲ್ಲಿ ಗಂಡು ಪಾತ್ರ ಮಾಡುವವಳು. ಶಾಲೆಯ ಹುಡುಗಿಯರೆಲ್ಲ ಅವಳ ಹಿಂದೆ. ಅವಳು ಫೂಮಿಗೆ ಮುತ್ತು ಕೊಡುತ್ತಾಳೆ, ಜೊತೆಯಾಗೋಣ ಎನ್ನುತ್ತಾಳೆ. ಆದರೆ ಅವಳ ಮನಸ್ಸಿರುವುದು ಹಳೆಯ ಶಾಲೆಯ ಮೇಷ್ಟ್ರ ಮೇಲೆ. ಅವರು ಇವಳನ್ನು ಬೇಡವೆಂದು, ಇವಳ ಅಕ್ಕನನ್ನು ಮದುವೆಯಾಗುವವರು. ಫೂಮಿಗೆ ಇದು ಗೊತ್ತಾಗುತ್ತದೆ. ಬಿಟ್ಟು ಹೋಗುತ್ತಾಳೆ.

ಮೊದಲ ಸಲ ಓದಿದಾಗ ನನಗೆ ಸುಗಿಮೋತೊ ಮೇಲೆ ತುಂಬಾ ಸಿಟ್ಟು ಬಂತು. ತನ್ನ ಗಾಯಕ್ಕೆ ಇನ್ನೊಬ್ಬಳನ್ನು ಬಟ್ಟೆ ಮಾಡಿಕೊಂಡಳಲ್ಲ ಅಂತ. ಎರಡನೇ ಸಲ ಓದಿದಾಗ ಬೇರೆ ಕಂಡಿತು. ಹುಡುಗಿಯರ ಪ್ರೀತಿ ಅವಳಿಗೆ ಕೈಗೆ ಸಿಗುವ ಹಾಗಿತ್ತು, ಮುತ್ತಿಕೊಂಡಿತ್ತು. ಆದರೂ ಅದು ಅವಳ ಎಣಿಕೆಗೆ ಬರಲಿಲ್ಲ. ಲೆಕ್ಕಕ್ಕೆ ಬಂದದ್ದು ಮೇಷ್ಟ್ರ ‘ಹೂಂ’ ಒಂದೇ. ಅವಳು ಲೆಸ್ಬಿಯನ್ನೋ, ಗಂಡು ಹೆಣ್ಣು ಇಬ್ಬರನ್ನೂ ಬಯಸುವವಳೋ? ನಾನು ಹಣೆಪಟ್ಟಿ ಅಂಟಿಸಲಾರೆ. ಇಬ್ಬರನ್ನೂ ಪ್ರೀತಿಸುವವರಿದ್ದಾರೆ. ಅವರ ಪ್ರೀತಿಯನ್ನೆಲ್ಲ ಒತ್ತಾಯ ಎಂದು ತಳ್ಳಿಹಾಕಿದರೆ ಅದೂ ಅನ್ಯಾಯವೇ. ಆದರೆ ಫೂಮಿಯ ಪ್ರೀತಿಯನ್ನು ಮಾತ್ರ ಅಗ್ಗ ಎಂದುಕೊಳ್ಳಲು ಅವಳಿಗೆ ಕಲಿಸಿದ್ದು ಸುತ್ತಲಿನ ಲೋಕ. ನನಗೆ ಇಷ್ಟವಾಗುವುದು ಏನೆಂದರೆ, ಶಿಮುರಾ ಅವಳ ತಪ್ಪನ್ನು ಮುಚ್ಚಿಡುವುದಿಲ್ಲ, ಅದಕ್ಕಾಗಿ ಅವಳನ್ನು ಕೊಲ್ಲುವುದೂ ಇಲ್ಲ. ಸುಗಿಮೋತೊ ಇಂಗ್ಲೆಂಡಿಗೆ ಹೋಗುತ್ತಾಳೆ. ಬದುಕುತ್ತಾಳೆ.

ಇಂಥ ಪಾತ್ರ ಯಾಕೆ ಬೇಕು, ನಮ್ಮ ಬಗ್ಗೆ ಒಳ್ಳೆಯದನ್ನೇ ತೋರಿಸಬಾರದಾ ಎಂದು ಕೇಳುವವರಿದ್ದಾರೆ. ಆ ಆಸೆ ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ, ಮೊನ್ನೆ ಮೊನ್ನೆ. ಕೆಟ್ಟವಳಾಗಿ ತೋರಿಸಿದರೆ ‘ನೋಡಿ, ಇವರೆಲ್ಲ ಹೀಗೇ’ ಅಂತಾರಲ್ಲ ಎಂಬ ಭಯ ಸುಳ್ಳಲ್ಲ. ಆದರೆ ತಪ್ಪೇ ಮಾಡದ ಹುಡುಗಿಯನ್ನು ಓದಿ ಯಾರಿಗೆ ಏನು ಸಮಾಧಾನ? ಗಂಡು-ಹೆಣ್ಣು ಪ್ರೇಮಕತೆಯ ನಾಯಕನಿಗೆ ಈ ಪರೀಕ್ಷೆಯನ್ನು ನಾವು ಯಾವತ್ತೂ ಇಟ್ಟಿಲ್ಲ ಅಲ್ವಾ?

ಇನ್ನೊಂದು ಪುಸ್ತಕವನ್ನು ಬೇಗ ಹೇಳಿಬಿಡುತ್ತೇನೆ. 2019ರ ‘ಲಾರಾ ಡೀನ್ ಕೀಪ್ಸ್ ಬ್ರೇಕಿಂಗ್ ಅಪ್ ವಿತ್ ಮಿ’. ಬರೆದವರು ಮಾರಿಕೊ ತಮಾಕಿ, ಚಿತ್ರ ರೋಸ್ಮರಿ ವಲೆರೊ-ಓಕಾನಲ್ ಅವರದು. ಬರ್ಕ್‌ಲಿಯ ಹುಡುಗಿ ಫ್ರೆಡ್ಡಿ. ಅವಳ ಗೆಳತಿ ಲಾರಾ ಮತ್ತೆ ಮತ್ತೆ ಬಿಟ್ಟು ಹೋಗುತ್ತಾಳೆ, ಮತ್ತೆ ಕರೆಯುತ್ತಾಳೆ. ಕರೆದಾಗಲೆಲ್ಲ ಫ್ರೆಡ್ಡಿ ಓಡುತ್ತಾಳೆ. ಆ ಓಟದಲ್ಲಿ ಜೀವದ ಗೆಳತಿ ಡೂಡಲ್‌ಳ ಸಂಕಟ ಅವಳ ಕಣ್ಣಿಗೆ ಬೀಳುವುದೇ ಇಲ್ಲ. ಇಲ್ಲಿ ಯಾರೂ ಮದುವೆಗೆ ಒತ್ತಾಯಿಸುತ್ತಿಲ್ಲ. ಲಾರಾ ಸ್ವಾರ್ಥಿ, ಅಷ್ಟೆ. ಲೋಕದ ಮೇಲೆ ಹೊರೆ ಹಾಕಲು ಆಗದ ತಪ್ಪು ಅದು. ಇದನ್ನು ಓದಿದಾಗ ನನಗೆ ಒಂಥರಾ ಹಗುರವಾಯಿತು.

ಹಾಗಿದ್ದರೂ ನನ್ನ ಮನಸ್ಸು ತಿರುಗಿ ಹೋಗುವುದು ಚಿಜು ಕಡೆಗೇ. ‘ಅಓಯಿ ಹಾನಾ’ ಓದಿದವರಲ್ಲಿ ಹೆಚ್ಚಿನವರು ಅವಳನ್ನು ಮೋಸಗಾತಿ ಎಂದು ಬಿಟ್ಟುಬಿಡುತ್ತಾರೆ. ಫೂಮಿಯ ಕಣ್ಣಿಂದ ನೋಡಿದರೆ ಹೌದು. ಆದರೆ ‘ಊಟ ಯಾವಾಗ’ ಎಂದು ಅವಳನ್ನೂ ಯಾರೋ ಕೇಳಿರಬೇಕು. ಏನು ಉತ್ತರ ಕೊಟ್ಟಳು? ಮದುವೆಯ ಹಿಂದಿನ ರಾತ್ರಿ ಫೂಮಿ ನೆನಪಾದಳಾ? ಎಂಟು ಸಂಪುಟದಲ್ಲಿ ಅವಳಿಗೆ ಸಿಗುವುದು ಕೆಲವೇ ಪುಟ. ನಿಮ್ಮಲ್ಲಿ ಚಿತ್ರ ಬರೆಯುವವರು, ಕತೆ ಬರೆಯುವವರು ಇದ್ದೀರಿ ಎಂದು ಕೇಳಿದೆ. ಇಂಥ ಒಬ್ಬಳನ್ನು, ಮದುವೆಯಾಗಿ ಹೋದವಳನ್ನು, ಕನ್ನಡದಲ್ಲಿ ಬರೆದರೆ ದಯವಿಟ್ಟು ನನಗೊಂದು ಪ್ರತಿ ಕೊಡಿ.