ಮೂಲೆ ಹಿಡಿಯೋಣ ಬನ್ನಿ

ಕೇಳುಗರಿಗೆ ನಮಸ್ಕಾರ.

ಕುಂಟೆಬಿಲ್ಲೆ ಆಡುವ ಮಕ್ಕಳನ್ನು ಗಮನಿಸಿದ್ದೀರಾ? ಕಾಲು ಗೆರೆಗೆ ಚೂರು ತಗುಲಿದರೂ ಸಾಕು, 'ಔಟು' ಅಂತ ಕೂಗು ಏಳುತ್ತದೆ. ಬಿಲ್ಲೆ ಗೆರೆ ಮೇಲೆ ಬಿತ್ತೋ, ಮನೆಯೊಳಗೆ ಬಿತ್ತೋ ಅಂತ ಬಗ್ಗಿ ಬಗ್ಗಿ ನೋಡುತ್ತಾರೆ. ಅಂಚಿನ ಒಳಗೆ ಬೇರೆ, ಹೊರಗೆ ಬೇರೆ ಅನ್ನುವುದು ಅವರ ಕಾಲಿಗೇ ಗೊತ್ತು. ಅದೇ ಮಕ್ಕಳು ಪುಸ್ತಕ ಹಿಡಿದು 'ಚೌಕಕ್ಕೆ ನಾಲ್ಕು ಅಂಚು, ನಾಲ್ಕು ಮೂಲೆ' ಅಂತ ಉರು ಹೊಡೆಯುವುದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ. ಆಟದಲ್ಲೇ ಸಿಗುವುದಕ್ಕೆ ಬಾಯಿಪಾಠ ಯಾಕೆ?

ಒಂದು ಕೆಲಸ ಮಾಡಿ. ರಟ್ಟಿನಲ್ಲಿ ಚೌಕ ಕತ್ತರಿಸಿ, ಒಂದು ಮೂಲೆ ಕೆಳಗೆ ಬರುವಂತೆ ಹಿಡಿದು ಮಗುವಿಗೆ ತೋರಿಸಿ. 'ಇದು ಚೌಕ ಅಲ್ಲ, ಗಾಳಿಪಟ' ಅನ್ನುವ ಮಕ್ಕಳು ಬಹಳ. ಬೈಯಬೇಡಿ, ಅದು ದಡ್ಡತನ ಅಲ್ಲ. ನೆದರ್‌ಲ್ಯಾಂಡ್ಸ್‌ನ ಪಿಯರ್ ಮತ್ತು ಡೀನಾ ವ್ಯಾನ್ ಹೀಲೆ ದಂಪತಿ ಗಣಿತದ ಮೇಷ್ಟ್ರುಗಳು. ಅವರು 1957ರಲ್ಲೇ ಇದನ್ನು ಹೇಳಿದ್ದರು. ಮಕ್ಕಳು ಮೊದಲು ಆಕಾರವನ್ನು ಇಡಿಯಾಗಿ ನೋಡಿ ಗುರುತು ಹಿಡಿಯುತ್ತಾರೆ. ಅಂಚು ಎಷ್ಟು, ಮೂಲೆ ಎಷ್ಟು ಅಂತ ಬಿಡಿಸಿ ನೋಡುವುದು ಮುಂದಿನ ಮೆಟ್ಟಿಲು. ವಯಸ್ಸಾದ ಮಾತ್ರಕ್ಕೆ ಆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಕೈಯಾರೆ ಮಾಡಿ ನೋಡಿರಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಆಟ-ಚಟುವಟಿಕೆಗಳ ಮೂಲಕ ಕಲಿಸುವ ನಮ್ಮ ನಲಿ-ಕಲಿ ಪದ್ಧತಿಯ ಜೀವಾಳವೂ ಇದೇ ಅಲ್ವಾ?

ನನಗೆ ತುಂಬಾ ಇಷ್ಟವಾದದ್ದು ಹಗ್ಗದ ಆಟ. ಐದಾರು ಮೀಟರ್ ಹಗ್ಗದ ಎರಡೂ ತುದಿ ಸೇರಿಸಿ ಗಂಟು ಹಾಕಿ. ಮೂವರು ಮಕ್ಕಳು ಹಿಡಿದು, ಹಗ್ಗ ಬಿಗಿಯಾಗುವ ತನಕ ಹಿಂದೆ ಸರಿಯಲಿ. ಮುಷ್ಟಿ ಇರುವಲ್ಲಿ ಮೂಲೆ. ಒಂದು ಮುಷ್ಟಿಯಿಂದ ಇನ್ನೊಂದಕ್ಕೆ ಹೋಗುವ ಹಗ್ಗ ಅಂಚು. ಉಳಿದವರು ಎಣಿಸಲಿ: ಮೂಲೆ ಮೂರು, ಅಂಚು ಮೂರು. ಈಗ ನಾಲ್ಕನೆಯ ಮಗು ಬಂದು ಒಂದು ಅಂಚಿನ ನಡುವೆ ಹಿಡಿದು ಹೊರಗೆ ಎಳೆಯಲಿ. ಆ ಒಂದು ಅಂಚು ಎರಡಾಯಿತು, ಮೂಲೆಯೂ ಒಂದು ಹೆಚ್ಚಿತು. ಐದನೆಯವರು ಬಂದರೂ ಹಾಗೇ. ಅಂಚು, ಮೂಲೆ ಯಾವಾಗಲೂ ಸಮ ಯಾಕೆ ಅನ್ನುವುದನ್ನು ನೀವು ಹೇಳಿಕೊಡಬೇಕಾಗಿಲ್ಲ. ಪಂಚಭುಜ ಅನ್ನುವ ಹೆಸರು ಆಮೇಲೆ ಕೊಟ್ಟರೆ ಸಾಕು.

ಆ ಐದನೆಯ ಮಗು ಹೊರಗಲ್ಲ, ಒಳಗೆ ಎಳೆದರೆ? ಆಕಾರ ತಗ್ಗಿ ಸೊಟ್ಟಗಾಗುತ್ತದೆ. 'ಇದು ಲೆಕ್ಕಕ್ಕಿಲ್ಲ' ಅಂತ ಯಾರಾದರೂ ತಕರಾರು ತೆಗೆದರೆ ಎಣಿಸಲು ಹೇಳಿ. ಐದು ಮೂಲೆ, ಐದು ಅಂಚು, ಹಾಗೇ ಇವೆ. ಕೊನೆಗೆ ಇಬ್ಬರನ್ನು ಬಿಟ್ಟು ಎಲ್ಲರೂ ಕೈಬಿಡಲಿ. ಹಗ್ಗ ಎರಡೆಳೆಯಾಗಿ ಅಂಟಿಕೊಳ್ಳುತ್ತದೆ. 'ಒಳಗೆ ಹೋಗಿ ನಿಲ್ಲು' ಅಂತ ಒಂದು ಮಗುವಿಗೆ ಹೇಳಿ ನೋಡಿ, ಜಾಗವೇ ಇಲ್ಲ! ನೇರ ಅಂಚಿನ ಆಕಾರಕ್ಕೆ ಕಡಿಮೆ ಅಂದರೂ ಮೂರು ಮೂಲೆ ಬೇಕು ಅನ್ನುವುದು ಆಗ ಅವರಿಗೇ ಹೊಳೆಯುತ್ತದೆ.

ಜಾಗ ಕಡಿಮೆಯಿದ್ದರೆ ಬಟ್ಟೆ ಚೀಲದೊಳಗೆ ರಟ್ಟಿನ ಆಕಾರಗಳನ್ನು ಹಾಕಿ. ಮಗು ನೋಡದೆ, ಬೆರಳಲ್ಲೇ ಮೂಲೆ ಎಣಿಸಿ ಯಾವುದು ಅಂತ ಹೇಳಬೇಕು. ತಿರುಗಿಸಿ ಹಿಡಿದರೂ ಮೂಲೆಯ ಲೆಕ್ಕ ತಪ್ಪುವುದಿಲ್ಲ, ಹಾಗಾಗಿ ಗಾಳಿಪಟದ ಗೊಂದಲ ಇಲ್ಲೇ ಕಳೆಯುತ್ತದೆ. ದುಂಡನೆಯದು ಕೈಗೆ ಸಿಕ್ಕಾಗ ಬೆರಳು ಸುತ್ತುತ್ತಲೇ ಇರುತ್ತದೆ, ಮೂಲೆ ಸಿಗುವುದೇ ಇಲ್ಲ.

ಇವತ್ತು ಸಂಜೆ ಇನ್ನೊಂದು ಮಾಡಿ. ಚೌಕದ ಕಾಗದ ಕೊಟ್ಟು, 'ನಾಲ್ಕು ಮೂಲೆಯಲ್ಲಿ ಒಂದನ್ನು ಕತ್ತರಿಸಿ ತೆಗೆದರೆ ಎಷ್ಟು ಉಳಿಯುತ್ತೆ?' ಅಂತ ಕೇಳಿ. 'ಮೂರು' ಅಂತ ಥಟ್ಟನೆ ಬರುತ್ತದೆ. ಕತ್ತರಿಸಿ ಎಣಿಸಲಿ. ಸುಮ್ನೆ ತುದಿ ಕತ್ತರಿಸಿದರೆ ಐದು! ಒಂದು ಮೂಲೆಯಿಂದ, ಆ ಮೂಲೆಗೆ ತಾಗದ ಒಂದು ಅಂಚಿನ ನಡುವಿಗೆ ಕತ್ತರಿಸಿದರೆ ನಾಲ್ಕು. ಮೂಲೆಯಿಂದ ಎದುರು ಮೂಲೆಗೆ ಕತ್ತರಿಸಿದಾಗ ಮಾತ್ರ ಮೂರು. ಈ ಉತ್ತರಗಳನ್ನು ದಯವಿಟ್ಟು ಮೊದಲೇ ಹೇಳಿಬಿಡಬೇಡಿ. ಹಳೇ ದಿನಪತ್ರಿಕೆ, ಮೊಂಡು ತುದಿಯ ಕತ್ತರಿ ಕೊಟ್ಟು ಪಕ್ಕದಲ್ಲಿ ಕೂತಿರಿ, ಅಷ್ಟೇ.

ನಮಸ್ಕಾರ.